ಒಂದು ರೊಟ್ಟಿ ದೂರದ ಇಮಾನ

ಕಿಲೋಮೀಟರು ಎಂಬುದು ರಸ್ತೆ ಬದಿಗೆ ಕಲ್ಲು ನೆಡಲು ಸರ್ಕಾರ ಹುಡುಕಿಕೊಂಡ ನೆಪ ಎಂದು ನಂಬಿರುವ ಏಕೈಕ ಮನುಷ್ಯ ನಮ್ಮ ಕಾಕಾ. ಗಡಿಯಾಚೆ ತೆಲುಗು ಸೀಮೆಯ ಮನೂರಿನಲ್ಲಿ ಕುರಿ ಸಾಕುವ ಈತ ದೂರವನ್ನು ಅಳೆಯುವುದು ರೊಟ್ಟಿಯಲ್ಲಿ. ನಾರಾಯಣಖೇಡಕ್ಕೆ ರೊಟ್ಟಿಯೇ ಬೇಡ, ಝಹೀರಾಬಾದಿಗೆ ಒಂದು, ತಾಂಡೂರಿಗೆ ಎರಡು. ಒಮ್ಮೆ ಬಸ್ಸಿನಲ್ಲಿ ಪಕ್ಕದವರು ತಾಂಡೂರು ಇನ್ನೆಷ್ಟು ದೂರ ಎಂದು ಕೇಳಿದಾಗ, ಬುತ್ತಿ ಬಿಚ್ಚಿ ನೋಡಿ, "ಅರ್ಧ ರೊಟ್ಟಿ ಉಳದೈತ್ರಿ" ಎಂದಿದ್ದ.

ನಾನೋ, ಝಹೀರಾಬಾದಿನಲ್ಲಿ ಗುಮಾಸ್ತ. ತಾಂಡೂರಿಗೆ ಹೊರಟರೂ ಬಿಪಿ ಮಾತ್ರೆ ನುಂಗಿ, ಬಾಗಿಲ ಬೀಗವನ್ನು ಎಳೆದೆಳೆದು ನೋಡಿ, ಅಷ್ಟರಲ್ಲಿ ಬಸ್ಸು ತಪ್ಪಿಸಿಕೊಳ್ಳುವವನು. ಇಂಥವನಿಗೆ ಇಂಥ ಕಾಕಾನನ್ನು ಕೊಟ್ಟ ದೇವರಿಗೆ ಏನೆನ್ನಲಿ?

ಕಾಕಾನ ಒಬ್ಬಳೇ ಮಗಳು, ನನ್ನ ತಂಗಿ, ಅರುಣಾಚಲದ ತೇಜು ಎಂಬ ಊರಿನಲ್ಲಿದ್ದಾಳೆ. ಗಂಡನಿಗೆ ಅಲ್ಲಿ ನೌಕರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕಿತ್ತು, ಡಾಕ್ಟರು ಪ್ರಯಾಣವೇ ಬೇಡವೆಂದರು. ತಾಯಿಯಿಲ್ಲದ ಹುಡುಗಿ ಫೋನಿನಲ್ಲಿ ಅತ್ತಳು. ಕಾಕಾ ಕುರಿಗಳನ್ನು ನೆರೆಯವರಿಗೆ ಒಪ್ಪಿಸಿ ಬಂದು, ಫೋನನ್ನು ಬಾಯಿಗೆ ಹಿಡಿದು ತೆಲುಗಿನಲ್ಲಿ ಕೇಳಿದ: ಬೀದರಿನ ವಿಮಾನ ನಿಲ್ದಾಣದಿಂದ ತೇಜು ವಿಮಾನ ನಿಲ್ದಾಣ ಎಷ್ಟು ದೂರ?

ಫೋನು ಹಿಂದೆಮುಂದೆ ನೋಡದೆ ಹೇಳಿತು: ಎರಡು ಸಾವಿರದ ಇನ್ನೂರು ಕಿಲೋಮೀಟರು, ಹಾರಲು ಮೂರು ತಾಸು.

ಮೂರು ತಾಸೆಂದರೆ ಒಂದು ರೊಟ್ಟಿ!

ಮರುದಿನ ನಾನು ಆಫೀಸಿನಲ್ಲಿದ್ದಾಗ ಫೋನು ಬಂತು.

"ಬೀದರದ ಹವಾಯಿ ಅಡ್ಡಾದ ಮುಂದ ಅದೀನಿ. ಬಂದೂಕಿನವ ಒಳಗ ಬಿಡವಲ್ಲ. ತೇಜೂಗೆ ಇಮಾನ ಇಲ್ಲಂತ."

ಆಫೀಸಿನಿಂದ ಹೊರಗೋಡಿ ಹೇಳಿದೆ: "ಕಾಕಾ, ಅದು ನಕಾಶಾದ ಮ್ಯಾಲಿನ ಗೆರಿ. ಹಾರಿದ್ರ ಇಷ್ಟು ಹೊತ್ತು ಅಂತ ಲೆಕ್ಕ. ಹಾರೋದು ಯಾವುದೂ ಇಲ್ಲ."

"ದೂರ ಐತಿ, ಹೊತ್ತೂ ಐತಿ, ಇಮಾನ ಒಂದ ಇಲ್ಲ? ಗಾಡಿನೇ ಇಲ್ಲದ ದಾರಿಗೆ ಟೈಮ್ ಹೇಳೋದು ಯಾವ ಶಾಣೇತನಲೇ?"

"ಮನಿಗೆ ಬಾ" ಎಂದೆ. "ಹ್ಞೂಂ" ಎಂದ. ನಂಬಿದೆ, ನೋಡಿ!

ಸಂಜೆ ಮತ್ತೆ ಫೋನು. "ರೈಲಿನಾಗ ಅದೀನಿ."

"ಯಾವ ರೈಲು?"

"ಮೂಡಣಕ್ಕ ಹೊಂಟೈತಿ."

ಮಾತ್ರೆ ಮೊದಲೋ ನೀರು ಮೊದಲೋ ತಿಳಿಯದೆ ಎರಡನ್ನೂ ಚೆಲ್ಲಿಕೊಂಡೆ. "ಏನರ ತಿಂದಿ ಏನು?"

"ಪೂರಿ ತೊಗೊಂಡೆ."

"ರೊಟ್ಟಿ ಒಯ್ದಿದ್ದಿಲ್ಲ?"

"ಅದು ಇಮಾನದ್ದಲೇ. ರೈಲಿಗೆ ಹೆಂಗ ಸಾಲ್ತೈತಿ?"

ಆಮೇಲೆ ಅವನ ಫೋನು ಸತ್ತಿತು, ನಾಲ್ಕು ದಿನ ಸುದ್ದಿಯಿಲ್ಲ. ನಾನು ಕೂತಲ್ಲೇ ಅವನನ್ನು ಬ್ರಹ್ಮಪುತ್ರೆಯಲ್ಲಿ ಮುಳುಗಿಸಿದೆ, ಕಾಡಿನಲ್ಲಿ ಕಳೆದೆ, ಗಡಿ ದಾಟಿಸಿ ಬೇರೆ ದೇಶದ ಜೈಲಿಗೂ ಹಾಕಿಸಿದೆ. ಹೆಂಡತಿ ನೋಡಿ ನೋಡಿ, "ಅವ್ರು ಮುಟ್ಟಿರ್ತಾರ್ರಿ. ಹಾದಿ ತಪ್ಪಿದವ್ರು ನೀವ" ಎಂದಳು.

ಕೊನೆಗೆ ಆಸ್ಪತ್ರೆಯಿಂದ ತಂಗಿಯೇ ಫೋನು ಮಾಡಿದಳು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ಕಾಕಾನಿಗೆ ಫೋನು ಕೊಡು, ಚೆನ್ನಾಗಿ ಬೈಯಬೇಕು ಎಂದೆ.

"ಈಗ ನಿದ್ದಿ ಹತ್ತೈತಿ, ಮಲಗಲಿ ಬಿಡಣ್ಣಾ" ಎಂದಳು. "ನನಗ ಬ್ಯಾನಿ ಶುರು ಆದಾಗ ಬಂದ. ಅವನ ಕಾಲು ಬಾತಿದ್ವು. ತವರಿಗೆ ಬರಾಕ ಆಗಲಿಲ್ಲಪ್ಪಾ ಅಂತ ಅತ್ತೆ. ಮಂಚದ ಬಾಜೂಕ ನೆಲದ ಮ್ಯಾಲೆ ಕುಂತು, ನನ್ನ ಕೈ ಹಿಡದು, 'ನಾ ಕುಂತೀನಲ್ಲವ್ವಾ, ಇದ ತವರು' ಅಂದ."