ಇಪ್ಪತ್ತೆರಡು ಬೆಂಚುಗಳ ಗಡೀಪಾರು

ಇಡೀ ಊರನ್ನೇ ಎಬ್ಬಿಸಿ ನಡೆಸುತ್ತೇನೆ ಎಂದು ನಾನು ಶಪಥ ಮಾಡಿದ್ದು ಜುಲೈ ತಿಂಗಳ ಒಂದು ಒದ್ದೆ ಸೋಮವಾರ. ನಮ್ಮ ಉರುಗ್ವೆಯಲ್ಲಿ ಜುಲೈ ಎಂದರೆ ಮೂಳೆಗೆ ಇಳಿಯುವ ಚಳಿಗಾಲ. ಶಪಥಕ್ಕೆ ಸಾಕ್ಷಿಗಳು ಇಬ್ಬರು: ಒಲೆಯ ಮೇಲಿನ ಕೆಟಲ್ ಮತ್ತು ನನ್ನ ಗಂಡ ವಿಲ್ಮಾರ್. ಇಬ್ಬರಲ್ಲಿ ಕೆಟಲ್ಲೇ ವಾಸಿ, ಅದು ಸಿಳ್ಳೆಯನ್ನಾದರೂ ಹಾಕಿತು!

ನನ್ನ ಹೆಸರು ನಿಲ್ದಾ. ಹೆಸರಿಗೆ ತಕ್ಕಂತೆ ಒಂದು ಕಡೆ ನಿಲ್ಲದವಳು. ನದಿ ದಂಡೆಯ ನಮ್ಮ ಪುಟ್ಟ ಊರಿನ ಸಾರ್ವಜನಿಕ ಉದ್ಯಾನಕ್ಕೆ ಹತ್ತೊಂಬತ್ತು ವರ್ಷದಿಂದ ನಾನೇ ಮೇಲ್ವಿಚಾರಕಿ. ಅಂದರೆ ಎರಡು ಗುದ್ದಲಿ, ಒಂದು ಕೈಗಾಡಿ, ಇಪ್ಪತ್ತೆರಡು ಬೆಂಚುಗಳ ಏಕೈಕ ಸಾಮ್ರಾಜ್ಞಿ! ಆ ಸೋಮವಾರ ಪುರಸಭೆಯಿಂದ ಸುತ್ತೋಲೆ ಬಂದಿತ್ತು: ಉದ್ಯಾನಕ್ಕೆ ಬರುವವರು ಬರೀ ಕೂತು ಎದ್ದು ಹೋಗುತ್ತಿದ್ದಾರೆ, ಅವರು ಮೈ ದಂಡಿಸುವಂತೆ ಪ್ರೋತ್ಸಾಹಿಸಿ.

ನಿಜ ಹೇಳಿಬಿಡುತ್ತೇನೆ. ಊರಿನ ಮೈ ಕರಗಿದರೆಷ್ಟು, ಬಿಟ್ಟರೆಷ್ಟು! ನಾನು ಎಬ್ಬಿಸಬೇಕಾಗಿದ್ದದ್ದು ಒಬ್ಬನನ್ನು. ವಿಲ್ಮಾರ್ ಮತ್ತು ಅವನ ತಮ್ಮ ಎಬೆರ್ ಮೂವತ್ತು ವರ್ಷ ಒಂದೇ ಚರ್ಮದ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ದುಡಿದವರು, ಭಾನುವಾರ ಒಂದೇ ದೋಣಿಯಲ್ಲಿ ಮೀನು ಹಿಡಿದವರು. ಏಪ್ರಿಲ್‌ನಲ್ಲಿ ಎಬೆರ್ ತೀರಿಕೊಂಡ. ಅಂದಿನಿಂದ ವಿಲ್ಮಾರ್ ಅಡುಗೆಮನೆ ಕಿಟಕಿಯ ಮುಂದೆ ಕೂತ. ಕೂತವನು ಏಳಲಿಲ್ಲ. ಸೋರೆ ಬುರುಡೆಯಲ್ಲಿ ಕಹಿ ಸೊಪ್ಪು, ಅದಕ್ಕೆ ಬಿಸಿನೀರು, ಹೀರಲು ಒಂದು ಕೊಳವೆ: ನಮ್ಮ ದೇಶದ ಮಾತೆ ಪಾನೀಯ. ಅವನ ಕೈಯಲ್ಲಿ ಬೆಳಗಿಂದ ಸಂಜೆವರೆಗೆ ಮಾತೆ, ಬಾಯಲ್ಲಿ ಮಾತೇ ಇಲ್ಲ!

"ಡಾಕ್ಟರು ದಿನಾ ಅರ್ಧ ಗಂಟೆ ನಡೀಬೇಕು ಅಂದಿದಾರೆ," ಅಂದೆ.

"ಡಾಕ್ಟರೇ ನಡೀಲಿ. ಅವರಿಗೂ ಹೊಟ್ಟೆ ಬಂದಿದೆ."

"ನೋಡ್ತಿರು! ಇನ್ನೊಂದು ವಾರದಲ್ಲಿ ಊರಿಗೆ ಊರೇ ನನ್ನ ಹಿಂದೆ ನಡ್ಕೊಂಡು ಬರತ್ತೆ!"

"ಎಬೆರ್ ಶವಪೆಟ್ಟಿಗೆ ಹಿಂದೆ ಬಂತಲ್ಲ, ಹಾಗಾ?"

ನಾನು ಒಲೆಯಿಂದ ಕೆಟಲ್ ಇಳಿಸಿದೆ.

ಮಂಗಳವಾರ ಯುದ್ಧಾರಂಭ! 'ನಡೆಯಿರಿ, ನಗಿರಿ!' ಎಂದು ಒಂಬತ್ತು ಫಲಕ ನೆಟ್ಟೆ. ಕಲ್ಲುಹಾಸಿನ ದಾರಿಯುದ್ದಕ್ಕೂ ಹಳದಿ ಎಣ್ಣೆಬಣ್ಣದಲ್ಲಿ ಹೆಜ್ಜೆ ಗುರುತು ಬಳಿದೆ. ಜನ ಬಂದರು, ಬೆಂಚಿನ ಮೇಲೆ ಕೂತರು, ಹಳದಿ ಹೆಜ್ಜೆಗಳನ್ನು ನೋಡುತ್ತಾ ಮಾತೆ ಹೀರಿದರು, ಹೋದರು.

ಆಗ ಹೊಳೆಯಿತು ನನ್ನ ಬ್ರಹ್ಮಾಸ್ತ್ರ. ಬೆಂಚುಗಳೇ ಶತ್ರುಗಳು! ಗುರುವಾರ ಪುರಸಭೆಯ ಆಳುಗಳನ್ನು ಕರೆಸಿ ಇಪ್ಪತ್ತೆರಡೂ ಬೆಂಚುಗಳನ್ನು ಉಗ್ರಾಣಕ್ಕೆ ಗಡೀಪಾರು ಮಾಡಿ ಬೀಗ ಜಡಿದೆ. ಕೂರಲು ಜಾಗವೇ ಇಲ್ಲದಿದ್ದರೆ ಮನುಷ್ಯ ಏನು ಮಾಡುತ್ತಾನೆ? ನಡೆಯುತ್ತಾನೆ ಎಂದುಕೊಂಡಿದ್ದೆ. ಇಲ್ಲ, ಮನೆಗೆ ಹೋಗುತ್ತಾನೆ!

ಹೋಗದೆ ಉಳಿದವರು ಒಬ್ಬರೇ, ದೋನ್ಯಾ ಎರ್ಸಿಲಿಯಾ. ಊರಿನ ಅರ್ಧ ಮದುವಣಗಿತ್ತಿಯರ ಬಟ್ಟೆ ಹೊಲಿದ, ಊರೆಲ್ಲ ಗೌರವದಿಂದ 'ದೋನ್ಯಾ' ಎಂದು ಕರೆಯುವ ಮುದುಕಿ. ದಿನಾ ಮಧ್ಯಾಹ್ನ ಮೂರಕ್ಕೆ ಜಕರಂದಾ ಮರದ ಕೆಳಗಿನ ಬೆಂಚು ಅವರದು. ಈಗ ಮರದ ಕಾಂಡಕ್ಕೆ ಒರಗಿ ನಿಂತಿದ್ದರು.

"ನನ್ನ ಬೆಂಚು ಎಲ್ಲಮ್ಮಾ ನಿಲ್ದಾ?"

"ನಡೀರಿ ದೋನ್ಯಾ ಎರ್ಸಿಲಿಯಾ! ನಡೆದ್ರೆ ಆಯಸ್ಸು ಹೆಚ್ಚತ್ತೆ!"

"ಎಂಬತ್ತೊಂದಾಯ್ತು. ಇನ್ನೂ ಹೆಚ್ಚಿಸಿ ಯಾಕಮ್ಮ ಶಿಕ್ಷೆ ಕೊಡ್ತೀಯ?"

ನಾನು ನಕ್ಕು ಮುಂದೆ ಹೋದೆ. ಅವರು ನಗಲಿಲ್ಲ ಎಂಬುದು ಈಗ ನೆನಪಾಗುತ್ತಿದೆ.

ಭಾನುವಾರ ಮಧ್ಯಾಹ್ನ ಮಹಾ ನಡಿಗೆ! ಜಿನುಗು ಮಳೆ. ಹಾಜರಿ: ಎರಡು ಬೀದಿನಾಯಿ. ಅವೂ ನನ್ನನ್ನು ಒಮ್ಮೆ ಮೂಸಿ ನೋಡಿ ಹೊರಟವು. ಹತಾಶಳಾಗಿ ಮನೆಗೆ ಫೋನ್ ಮಾಡಿ ಸುಳ್ಳು ಹೇಳಿದೆ: "ವಿಲ್ಮಾರ್, ಉಗ್ರಾಣದ ಬೀಗ ತುಕ್ಕು ಹಿಡಿದು ಕೂತಿದೆ, ಬಂದು ತೆಗೆದುಕೊಡು."

ಬಂದ! ಫ್ಲಾಸ್ಕು ಕಂಕುಳಲ್ಲಿ, ಮಾತೆ ಕೈಯಲ್ಲಿ. ನಾನು ಕೊಟ್ಟ ಕೀಲಿಯನ್ನು ಬೀಗದಲ್ಲಿ ತಿರುಗಿಸಿದ. ಬೆಣ್ಣೆಯ ಹಾಗೆ ತೆರೆದುಕೊಂಡಿತು.

"ಸರಿಯಾಗೇ ಇದೆಯಲ್ಲ ಇದು!"

"ಬಂದಿದೀಯಲ್ಲ, ಒಂದು ಸುತ್ತು ಹಾಕು. ನನ್ನ ನೋಡಿ ಮಾಡು, ಸುಲಭ. ಮೊಣಕಾಲು ಎದೆಗೆ ಬರ್ಬೇಕು! ಒಂದು! ಎರಡು!"

ಮೂರು ಅನ್ನಲಿಲ್ಲ. ಮಳೆಯಲ್ಲಿ ನೆಂದ ಎಣ್ಣೆಬಣ್ಣ ಎಷ್ಟು ಜಾರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೇ ಬಳಿದ ಹೆಜ್ಜೆಯ ಮೇಲೆ ನಾನೇ ಹೆಜ್ಜೆಯಿಟ್ಟು, ಆಕಾಶ ನೋಡಿ, ನೆಲ ನೋಡಿ, ಕಾಲಿನಿಂದ ಟಕ್ ಎಂಬ ಶಬ್ದ ಕೇಳಿದೆ.

"ಅಯ್ಯೋ! ಎಲ್ಲಾದ್ರೂ ಕೂರ್ಸೋ ನನ್ನ!"

ವಿಲ್ಮಾರ್ ಉದ್ಯಾನದ ಉದ್ದಗಲಕ್ಕೆ ಕಣ್ಣು ಹಾಯಿಸಿದ. "ಎಲ್ಲಿ?" ಅಂದ. ಅಷ್ಟೇ!

ಕೊನೆಗೆ ಗೊಬ್ಬರದ ಕೈಗಾಡಿಯಲ್ಲಿ ನನ್ನ ಸಿಂಹಾಸನಾರೋಹಣವಾಯಿತು. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ ಕಾಯುತ್ತಿರುವಾಗ ಛತ್ರಿ ಹಿಡಿದು ದೋನ್ಯಾ ಎರ್ಸಿಲಿಯಾ ಬಂದರು.

"ಏನಮ್ಮಾ, ಇವತ್ತು ಗಾಡೀಲಿ ಕೂತು ನಡೀತಿದೀಯ?" ಎಂದು ಕೇಳಿ ಮರಕ್ಕೆ ಒರಗಿದರು. ಅವರ ಮೊಣಕಾಲು ನಡುಗುತ್ತಿತ್ತು. ನಾನು ಅದನ್ನು ನೋಡಿದ್ದು ಅಂದೇ ಮೊದಲು. ವಿಲ್ಮಾರ್ ಕೂಡ ನೋಡಿದ. ಏನೂ ಹೇಳದೆ ಉಗ್ರಾಣಕ್ಕೆ ನುಗ್ಗಿ ಒಂದು ಬೆಂಚನ್ನು ದರದರ ಎಳೆದುಕೊಂಡು ಹೊರಟ.

"ಬಿಡೋ ಅದನ್ನ! ನಿನ್ನ ಎದೆ ಒಡೆದು ಹೋಗತ್ತೆ!" ಕಿರುಚಿದೆ.

ಬೆಂಚು ಜಕರಂದಾ ಮರ ತಲುಪಿತು. ಕುತ್ತಿಗೆಯ ಮಫ್ಲರ್‌ನಿಂದ ಅದನ್ನು ಒರೆಸಿದ, ಅವರನ್ನು ಕೂರಿಸಿದ, ಏದುಸಿರು ಬಿಡುತ್ತಾ ಪಕ್ಕದಲ್ಲಿ ತಾನೂ ಕೂತು ಮಾತೆಗೆ ಬಿಸಿನೀರು ಹೊಯ್ದು ಅವರ ಕೈಗೆ ಕೊಟ್ಟ. ಕೈಗಾಡಿಯಲ್ಲಿ ಹೆಂಡತಿ ಇದ್ದಾಳೆಂಬುದೇ ಮರೆತಂತಿತ್ತು!

"ಈ ಮಳೇಲಿ ಯಾಕೆ ಬರ್ತೀರಿ?" ಕೇಳಿದ.

"ಮನೇಲಿ ಗೋಡೆಗಳು ದಿನದಿನಕ್ಕೆ ಹತ್ತಿರ ಬರ್ತಾವೆ ಕಣಪ್ಪಾ. ಇಲ್ಲಿ ಗೋಡೆ ಇಲ್ಲ."

ಅವರು ಮಾತೆ ಹೀರಿ ಮುಗಿಸಿ ಬುರುಡೆಯನ್ನು ಹಿಂದೆ ಕೊಟ್ಟರು. ಆಮೇಲೆ ವಿಲ್ಮಾರ್ ಶುರು ಮಾಡಿದ. ಮೂರು ತಿಂಗಳಲ್ಲಿ ನಾನು ಕೇಳದ ದನಿ.

"ಅವತ್ತೂ ಹೀಗೇ ಮಳೆ. ಎಬೆರ್ ಆಸ್ಪತ್ರೇಲಿದ್ದ. ನಾನು ಕೋಟು ಹಾಕ್ಕೊಂಡು ಹೊರಟಿದ್ದೆ. ನೆಂದು ಜ್ವರ ಬರತ್ತೆ, ನಾಳೆ ಹೋಗು ಅಂದ್ಲು ನಿಲ್ದಾ. ಕೂತ್ಬಿಟ್ಟೆ. ಸಂಜೆ ಫೋನ್ ಬಂತು."

"ಹೆಂಡ್ತಿ ಮೇಲೆ ಸಿಟ್ಟಾ?"

"ಇಲ್ಲ. ಅವಳು ಒಂದು ಮಾತು ಅಂದ್ಲು. ಕೂತವನು ನಾನು ತಾನೇ?"

ಆ ಮಾತು ನಾನು ಅಂದದ್ದು ನನಗೆ ನೆನಪೇ ಇರಲಿಲ್ಲ. ಅಂಥವು ದಿನಕ್ಕೆ ನೂರು ಅನ್ನುತ್ತೇನೆ: ಊಟ ಮಾಡು, ಸ್ವೆಟರ್ ಹಾಕ್ಕೋ, ಹೋಗ್ಬೇಡ, ಹೋಗು. ಗೊಬ್ಬರದ ಗಾಡಿಯಲ್ಲಿ ಮಳೆ ನೀರು ನನ್ನ ಸುತ್ತ ನಿಲ್ಲತೊಡಗಿತು. ಕಾಲಿನ ನೋವು ಆ ಹೊತ್ತಿಗೆ ಗೊತ್ತಾಗಲಿಲ್ಲ.

ಕಾಲಿಗೆ ಪ್ಲಾಸ್ಟರ್ ಬಿತ್ತು. ಒಂದು ಕಾಲು ಕಳೆದು ಈಗ ನಾನು ಬರೀ ಮುಕ್ಕಾಲು ನಿಲ್ದಾ! ಮಿಕ್ಕ ಬೆಂಚುಗಳನ್ನೂ ವಿಲ್ಮಾರ್ ಆಳುಗಳ ಜೊತೆ ಹೊತ್ತು ಮೊದಲಿದ್ದಲ್ಲೇ ಇಟ್ಟ. ಈಗ ದಿನಾ ಮಧ್ಯಾಹ್ನ ಉದ್ಯಾನಕ್ಕೆ ಹೋಗುತ್ತಾನೆ. ಹೋಗಲು ಎರಡು ಕಿಲೋಮೀಟರ್, ಬರಲು ಎರಡು. ರಕ್ತದೊತ್ತಡ ಇಳಿದಿದೆ ಎಂದು ಡಾಕ್ಟರಿಗೆ ಪರಮಾನಂದ.

ಮೊನ್ನೆ ಕೇಳಿಯೇಬಿಟ್ಟೆ: "ನೀವಿಬ್ಬರೂ ಅಲ್ಲಿ ಏನು ಮಾಡ್ತೀರಿ?"

"ಕೂತಿರ್ತೀವಿ."

"ವಿಲ್ಮಾರ್... ಅವತ್ತು ನಿನ್ನ ತಡೆದದ್ದು ನಾನು. ತಪ್ಪಾಯ್ತು."

ಅವನು ನನ್ನ ಪ್ಲಾಸ್ಟರ್ ಮೇಲೆ ಕೈಯಿಟ್ಟ. "ನಿನಗೆ ಕೇಳಿಸ್ತು ಅಂತ ಗೊತ್ತು. ಆಮೇಲೆ ಕೈಗಾಡಿಯಿಂದ ಒಂದು ಮಾತೂ ಬರ್ಲಿಲ್ಲ. ಮೂವತ್ತೈದು ವರ್ಷದಲ್ಲಿ ಅದೇ ಮೊದಲು."

"ಕಾಲು ವಾಸಿಯಾದ ಮೇಲೆ ನಾನೂ ಬರ್ಲಾ?"

"ಬಾ. ಆದ್ರೆ ಸುಮ್ನೆ ಕೂತಿರ್ಬೇಕು. ನಿನ್ನ ಕೈಲಾಗತ್ತಾ?"

ಗಡಿಯಾರ ಎದುರಿಗಿಟ್ಟುಕೊಂಡು ಅಭ್ಯಾಸ ಶುರು ಮಾಡಿದ್ದೇನೆ. ನಿನ್ನೆ ನಾಲ್ಕು ನಿಮಿಷ ಆಯಿತು. ಐದನೆಯ ನಿಮಿಷದಲ್ಲಿ, ಬಾಗಿಲು ದಾಟುತ್ತಿದ್ದವನಿಗೆ ಕೋಟಿನ ಗುಂಡಿ ಹಾಕ್ಕೋ ಅಂದುಬಿಟ್ಟೆ!