ಬೆಳಕು ಹಿಂದೆ ಬಂತು

ಸಂಜೆ ಆರೂವರೆಗೆ ಇನ್ನು ಹತ್ತೇ ನಿಮಿಷ ಎನ್ನುವಾಗ ಧರ್ಮೇಂದ್ರನ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಹೋಯಿತು. ಆ ಇಂಟರ್ನೆಟ್ ಅವನ ಸ್ವಂತದ್ದಲ್ಲ, ಮಹಡಿ ಮೇಲಿನ ಮನೆಯೊಡೆಯ ಜಯಪ್ಪನವರದು. ಎರಡು ಸಾವಿರದ ಹದಿನೇಳರ ತುಲಾ ಸಂಕ್ರಮಣದ ಹಿಂದಿನ ದಿನ. ತಲಕಾವೇರಿಯಲ್ಲಿ ತೀರ್ಥ ಉಕ್ಕುವ ಗಳಿಗೆ ಯಾವುದೆಂದು ಕೊಡಗೆಲ್ಲ ಪಂಚಾಂಗ ನೋಡುತ್ತಿದ್ದರೆ, ಧರ್ಮೇಂದ್ರ ಮಾತ್ರ ಆರೂವರೆಗೆ ಆನ್‌ಲೈನಿನಲ್ಲಿ ನಡೆಯಬೇಕಿದ್ದ ತನ್ನ ವೈವಾಕ್ಕೆ, ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆಗೆ, ಕಾದು ಕೂತಿದ್ದ. ಡಾಕ್ಟರೇಟ್ ಸಿಗದಿದ್ದರೆ ಮುಂದಿನ ಜೂನ್‌ನಿಂದ ಪಾಠಕ್ಕೆ ಬರುವುದು ಬೇಡ ಎಂದು ಕಾಲೇಜಿನವರು ಹೇಳಿಯಾಗಿತ್ತು.

ಜಯಪ್ಪ ಕೆಳಗಿಳಿದು ಬಂದರು. “ಏನ್ ಮೇಷ್ಟ್ರೇ, ಅದೇನೋ ಕಾಣದ ಶಕ್ತಿ ಅಂತಿದ್ರಲ್ಲ, ಅದೇ ಲೈನ್ ಕಿತ್ತಾಕ್ತಾ?”

“ಅದಿಲ್ಲ ಅನ್ನೋದೇ ನನ್ನ ವಾದ ಸಾರ್,” ಎಂದ ಧರ್ಮೇಂದ್ರ ಅಳುವ ದನಿಯಲ್ಲಿ.

ಗೆಲಾಕ್ಸಿಗಳು ಒಂದರಿಂದೊಂದು ದೂರ ಓಡುತ್ತಿವೆ, ಓಟ ಜೋರಾಗುತ್ತಲೇ ಇದೆ. ತಳ್ಳುತ್ತಿರುವುದು ಕಾಣದ ಶಕ್ತಿ ಎಂದು ಲೋಕವೆಲ್ಲ ಹೇಳುತ್ತದೆ. ಕಾಫಿ ಹಣ್ಣಿನ ತೂಕ ಕಮ್ಮಿ ಬಂದರೆ ಕಾಣದ ಕಳ್ಳನನ್ನು ಹುಡುಕುವ ಮೊದಲು ತಕ್ಕಡಿ ನೋಡಿ ಎನ್ನುವುದು ಧರ್ಮೇಂದ್ರನ ವಾದ. ಗುರುತ್ವದ ನಿಯಮವೇ ಬಹುದೂರದಲ್ಲಿ ಬದಲಾಗುತ್ತದೆ. ಆ ಲೆಕ್ಕ ನಿಲ್ಲಬೇಕಾದರೆ ಗುರುತ್ವದ ಅಲೆ ಬೆಳಕಿಗಿಂತ ಚೂರು ನಿಧಾನ ಬರಬೇಕು. ಎರಡನ್ನೂ ಒಟ್ಟಿಗೆ ಓಡಿಸಿ ನೋಡಿದವರು ಯಾರೂ ಇರಲಿಲ್ಲ. ಆ ಧೈರ್ಯದ ಮೇಲೆ ಏಳು ವರ್ಷ ಕಳೆದಿದ್ದ. ಜಯಪ್ಪನವರಂತೂ ‘ಡಾ. ಧರ್ಮೇಂದ್ರ’ ಎಂದು ಹಲಗೆಯನ್ನೇ ಬರೆಸಿ ತಂದಿಟ್ಟಿದ್ದರು.

“ಮೇಲಿನ ಇಂಟರ್ನೆಟ್ ಪೆಟ್ಟಿಗೆ ಒಂದ್ಸಲ ನೋಡ್ತೀರಾ?” ಎಂದು ಕೇಳಿದ.

“ಅದು ದೇವ್ರ ಕೋಣೇಲೈತೆ. ನಮ್ಮನೆಯವ್ಳು ಸುಲೋಚನ ಬಾಗ್ಲು ಹಾಕ್ಕಂಡು ಪೂಜೆಗೆ ಕೂತವ್ಳೆ. ಅವ್ಳು ಏಳೋಗಂಟ ನಾನೂ ಒಳೀಕೆ ಹೋಗಂಗಿಲ್ಲ.”

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಹವಾಲ್ದಾರ ಉತ್ತಯ್ಯ ಜೀಪು ತಂದು ನಿಲ್ಲಿಸಿದ. “ಹಾರಂಗಿ ಅಣೆಕಟ್ಟೆ ಹತ್ರ ಮೊಬೈಲ್ ಸಿಗ್ನಲ್ ಫುಲ್ ಉಂಟು. ಹತ್ತಿ.”

ಗೊಬ್ಬರದ ಮೂಟೆಗಳ ಮೇಲೆ ಕೂತು ಧರ್ಮೇಂದ್ರ ಕಟ್ಟೆ ತಲುಪಿದ. ಮಳೆ ಹಿಡಿಯಿತು. ಕೊಡೆಯ ಕೆಳಗೆ ಮೊಬೈಲಿನಲ್ಲಿ ಪರೀಕ್ಷಕರ ಮುಖ ಮೂಡಿದ್ದೇ ತಡ, ಉತ್ತಯ್ಯ ನಡುವೆ ತಲೆ ಹಾಕಿ ಸಲ್ಯೂಟ್ ಹೊಡೆದ. “ಜೈ ಹಿಂದ್ ಸಾರ್. ಹುಡುಗ ಒಳ್ಳೆಯವನು, ಕುಡಿಯೋದಿಲ್ಲ.” ಸಲ್ಯೂಟ್ ಕಂಡು ಅಣೆಕಟ್ಟೆಯ ಕಾವಲುಗಾರ ಓಡಿ ಬಂದ. ಇಲ್ಲಿ ವಿಡಿಯೊ ತೆಗೆಯಂಗಿಲ್ಲ ಎಂದು ಇಬ್ಬರನ್ನೂ ಅಟ್ಟಿದ.

ಒದ್ದೆಯಾಗಿ ಮನೆ ಸೇರುವಾಗ ಏಳೂವರೆ ದಾಟಿತ್ತು. ಇಂಟರ್ನೆಟ್ ತಾನಾಗಿಯೇ ಬಂದಿತ್ತು. ಪುಣ್ಯಕ್ಕೆ ಪರೀಕ್ಷಕರು ಕಾದಿದ್ದರು. ಧರ್ಮೇಂದ್ರ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಹಿರಿಯ ಪರೀಕ್ಷಕರು ತಲೆದೂಗುತ್ತಿದ್ದವರು ಪಕ್ಕಕ್ಕೆ ಬಾಗಿ ಏನನ್ನೋ ಓದಿ, ಕನ್ನಡಕ ತೆಗೆದಿಟ್ಟರು.

“ಈಗ ಏಳೂವರೆಗೆ ಒಂದು ಸುದ್ದಿ ಹೊರಬಿತ್ತಂತೆ. ಸತ್ತ ನಕ್ಷತ್ರಗಳೆರಡು ಡಿಕ್ಕಿ ಹೊಡೆದದ್ದನ್ನು ಹಿಡಿದಿದ್ದಾರೆ. ಗುರುತ್ವದ ಅಲೆ, ಬೆಳಕು ಎರಡೂ ಹದಿಮೂರು ಕೋಟಿ ವರ್ಷ ಓಡಿ ಬಂದು, ಎರಡು ಸೆಕೆಂಡಿನ ಒಳಗೇ ಒಂದರ ಹಿಂದೊಂದು ತಲುಪಿವೆ.”

“ಹಿಂದೆ ಬಂದದ್ದು ಯಾವುದು ಸರ್?”

“ಬೆಳಕು.”

ಧರ್ಮೇಂದ್ರ ಎದುರಿದ್ದ ಲೆಕ್ಕದ ಹಾಳೆಗಳನ್ನು ಮಗುಚಿಟ್ಟ.

“ಆರೂವರೆಗೆ ಕೂತಿದ್ದರೆ ಏಳೂಕಾಲಿಗೆ ಸಹಿ ಹಾಕಿ ಎದ್ದಿರುತ್ತಿದ್ದೆವು,” ಎಂದರು ಅವರು ನೊಂದ ದನಿಯಲ್ಲಿ. “ಈಗ ಗೊತ್ತಿದ್ದೂ ಹಾಕೋ ಹಾಗಿಲ್ಲ. ಬೇರೆ ಪ್ರಬಂಧ ಬರೀಬೇಕಪ್ಪ.”

ಪರದೆ ಕಪ್ಪಾಯಿತು. ಸುಲೋಚನಮ್ಮ ಹಣೆ ತುಂಬ ವಿಭೂತಿ ಧರಿಸಿ, ಕೇಸರಿಬಾತಿನ ತಟ್ಟೆ ಹಿಡಿದು ಬಂದರು.

“ಆಯ್ತಾ ಮೇಷ್ಟ್ರೇ? ಆಗ್ದೆ ಏನು. ಆರೂವರೆ ಗಳಿಗೆ ಒಂಚೂರೂ ಸರಿ ಇರ್ಲಿಲ್ಲ. ಹೇಳಿದ್ರೆ ಸೈನ್ಸ್‌ನೋರು ನೀವು ಕೇಳಲ್ಲ ಅಂತ, ನಾನೇ ಆ ಪೆಟ್ಗೆ ಸ್ವಿಚ್ ತೆಗ್ದು ಬಾಗ್ಲು ಹಾಕ್ಕಂಡು ಕೂತಿದ್ದೆ. ಏಳೂವರೆ ಹೊಡೀತು, ಹಾಕ್ದೆ.”

ಕಾಣದ ಶಕ್ತಿ ಇಲ್ಲವೆಂದು ಏಳು ವರ್ಷ ವಾದಿಸಿದವನು ಆಕೆಯನ್ನೇ ನೋಡುತ್ತಾ ಕೂತ. ಅಳು ಬಂತು. ತಟ್ಟೆ ಇಸಿದುಕೊಂಡು ಕೇಸರಿಬಾತು ಬಾಯಿಗಿಟ್ಟುಕೊಂಡ. ಹೊರಗೆ ಜಯಪ್ಪ ಬಾಗಿಲಿಗೆ ಆ ‘ಡಾ.’ ಹಲಗೆ ಹೊಡೆಯುತ್ತಿದ್ದರು, ಗಳಿಗೆ ಮೀರುವುದರೊಳಗೆ ಆಗಲಿ ಎಂದು ಉತ್ತಯ್ಯ ಮೊಳೆ ಕೊಡುತ್ತಿದ್ದ.