ಜೀರಂಗಿಗೊಂದು ಬಿಳಿ ಗುಡ್ಲು

ಬೆಳಕು ಎಷ್ಟು ಸುರಿದರೆ ಅಷ್ಟು ಚೆನ್ನಾಗಿ ಕಾಣುತ್ತದೆ ಎಂದು ನಂಬಿ ಕೆಟ್ಟವರ ಪೈಕಿ ನಾನೂ ಒಬ್ಬ. ತಪ್ಪು ಪೂರ್ತಿ ನನ್ನದಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂರಿಸಿಕೊಂಡು "ಬೆಳಕಿಗೆ ಹಿಡಿದು ನೋಡೋ" ಎಂದು ತಲೆಗೆ ಮೊಟಕುತ್ತಿದ್ದ ನಮ್ಮಜ್ಜಿಗೂ ಅದರಲ್ಲಿ ಪಾಲಿದೆ. ತಾಲ್ಲೂಕು ಕಚೇರಿಯಿಂದ ನಿವೃತ್ತನಾಗಿ ನಮ್ಮೂರು ತಾಳ್ಯದ ಮನೆಗೆ ಬಂದ ಮೇಲೆ ನನಗೆ ಹುಳುಗಳ ಫೋಟೊ ತೆಗೆಯುವ ಹುಚ್ಚು ಹತ್ತಿತು. ತೀರ ಹತ್ತಿರದಿಂದ ತೆಗೆದರೆ ಹುಳುವಿನ ಮೂತಿ ಸ್ಪಷ್ಟವಾದಾಗ ಬೆನ್ನು ಮಂಜು, ಬೆನ್ನು ಸ್ಪಷ್ಟವಾದಾಗ ಮೂತಿ ಮಂಜು. ಅದಕ್ಕೇ ಕ್ಯಾಮೆರಾವನ್ನು ಕೂದಲೆಳೆಯಷ್ಟೇ ಮುಂದೆ ಸರಿಸುತ್ತ ಐವತ್ತು ಅರವತ್ತು ಫೋಟೊ ತೆಗೆದು, ಒಂದೊಂದರಲ್ಲೂ ಸ್ಪಷ್ಟವಾಗಿ ಬಂದ ಭಾಗವನ್ನು ಕಂಪ್ಯೂಟರಿನಲ್ಲಿ ಸೇರಿಸಿ ಒಂದೇ ಚಿತ್ರ ಮಾಡಬೇಕು. ಬಲ್ಲವರು ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ನನ್ನ ಹೆಂಡತಿ ಗಿರಿಜಾ "ಅರವತ್ತು ಸಲ ತಪ್ಪು ಮಾಡಿ ಒಂದು ಸಲ ಸರಿ ಮಾಡೋದು" ಎನ್ನುತ್ತಾಳೆ.

ಊರ ಶಾಲೆಯ ಹೆಡ್‌ಮೇಡಂ ಒಂದು ದಿನ, "ಗೋಡೆಗೆ ಹೊಸ ಬಣ್ಣ ಹೊಡೆಸಿದೀವಿ ಸಾರ್, ನಮ್ಮೂರ ಜಾಲಿಮರದ ಜೀರಂಗೀದು ನಾಲ್ಕಡಿ ಫೋಟೊ ಕೊಡ್ರಿ" ಎಂದರು. ಚಿಕ್ಕವರಿದ್ದಾಗ ಬೆಂಕಿಪೊಟ್ಟಣದಲ್ಲಿ ಜಾಲಿಸೊಪ್ಪು ಹಾಕಿ ಸಾಕುತ್ತಿದ್ದ ಹಸಿರು ಮಿಂಚಿನ ಹುಳು. ಎದೆಯುಬ್ಬಿಸಿ ಒಪ್ಪಿಕೊಂಡೆ. ಆದರೆ ಆ ಹುಳುವಿನ ಬೆನ್ನು ಕನ್ನಡಿ. ದೀಪ ಹಾಕಿದರೆ ಹಸಿರು ಹೋಗಿ ಬರೀ ಬಿಳಿ ಹೊಳಪು. ಮೊದಲ ಫೋಟೊವನ್ನು ಮೇಡಂ ಹಿಂದೆ ಮುಂದೆ ತಿರುಗಿಸಿ, "ಸ್ಟೀಲ್ ಚಮಚ ಚೆನ್ನಾಗಿ ಬಂದೈತೆ ಸಾರ್" ಎಂದರು. ಮೇಲಿಂದ, "ನಾಳೆ ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕಬೇಡ್ರಿ, ನೆಟ್ಟಿನಿಂದ ಯಾವುದಾದ್ರೂ ಚಿಟ್ಟೆ ಇಳಿಸಿ ಹಾಕಿಸಿಬಿಡ್ತೀವಿ." ಯಾವುದೋ ದೇಶದ ಚಿಟ್ಟೆಗೆ ನಮ್ಮೂರ ಜೀರಂಗಿ ಸೋಲುವುದೇ? ಜೀರಂಗಿಗಿಂತ ಹೆಚ್ಚಾಗಿ, ನಾನು ಸೋಲುವುದೇ?

ಮರುದಿನ ಬೆಳಿಗ್ಗೆಯಿಂದ ಪಡಸಾಲೆಯಲ್ಲಿ ಯುದ್ಧ. ಒಂದು ದೀಪ ಸಾಲದೆಂದು ಎರಡು, ಎರಡು ಸಾಲದೆಂದು ಮೂರು. ಬೆಳಕು ಮೆತ್ತಗಾಗಲೆಂದು ದೀಪಗಳಿಗೆ ಗಿರಿಜಾಳ ಇಡ್ಲಿ ಬಟ್ಟೆ ಹರಿದು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಬೆನ್ನ ಮೇಲಿದ್ದ ಒಂದು ಬಿಳಿ ಬೊಟ್ಟು ಮೂರಾಯಿತು. ದೀಪದ ಕಾವಿಗೆ ಜೀರಂಗಿ ಮೀಸೆ ಅಲ್ಲಾಡಿಸತೊಡಗಿತು. ಅರವತ್ತು ಫೋಟೊ ಸೇರಿಸಿ ನೋಡಿದರೆ ಅದಕ್ಕೆ ಎಂಟು ಮೀಸೆ. ಗಿರಿಜಾ ಹಿಂದೆ ನಿಂತು, "ರೀ, ಮೀಸೆ ಎಷ್ಟಾದ್ರೂ ಇರ್ಲಿ, ಆ ಬಟ್ಟೇಲಿ ನಾಳೆ ಇಡ್ಲಿ ಆಗ್ಬೇಕು, ನೆನಪೈತಾ?" ಎಂದಳು.

ಆಗ ನೀರು ಕೇಳಿಕೊಂಡು ಈರಕ್ಕ ಬಂದಳು. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಅವಳ ಕುರಿಮಂದೆ ನಿಲ್ಲಿಸಿದ್ದೆವು. ಎಪ್ಪತ್ತರ ಆಸುಪಾಸಿನ ಈರಕ್ಕ ಕುರಿ ಉಣ್ಣೆ ಆರಿಸುವುದರಲ್ಲಿ ಸುತ್ತಲ ಹತ್ತೂರಿಗೆ ಹೆಸರು. ಉಣ್ಣೆ ಕತ್ತರಿಸಿದ ದಿನ ಎರಡು ಗೂಟಕ್ಕೆ ಹಳೇ ಬಿಳಿ ಪಂಚೆ ಕಟ್ಟಿ, ಅದರಡಿ ಕೂತು ಅಚ್ಚ ಕಪ್ಪನ್ನೂ ಕೆಂಪು ಬೆರೆತ ಕಪ್ಪನ್ನೂ ಬೇರೆ ಮಾಡುತ್ತಾಳೆ. ಬಿಸಿಲಿಗೆ ಹೆದರಿ ಕೂರುತ್ತಾಳೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಚೊಂಬು ಖಾಲಿ ಮಾಡಿ ನನ್ನ ಮೂರು ದೀಪ ನೋಡಿದಳು.

"ಏನಪ್ಪ, ದೀಪಕ್ಕೆ ಯಾಕೆ ಮುಸುಕು ಹಾಕೀಯ? ಅದಕ್ಕೇನು ನಾಚ್ಕೆನಾ?"

"ಬೆಳಕು ಮೆತ್ತಗಾಗ್ಲಿ ಅಂತ ಈರಕ್ಕ."

"ದೀಪದ ಮಗ್ಗುಲಾಗೆ ಇರೋ ಬಟ್ಟೆ ಅದೂ ದೀಪಾನೇ ಆಗ್ತೈತೆ. ಹುಳದ ಮಗ್ಗುಲಿಗೆ ತಗಂಬಾ. ಅದಕ್ಕೊಂದು ಗುಡ್ಲು ಹಾಕು. ಬಿಸ್ಲಾಗೆ ಕರೀ ಉಣ್ಣೇನೂ ಬೆಳ್ಳಗೆ ಹೊಳೀತೈತೆ. ನಾನು ಪಂಚೆ ಕೆಳಗೆ ಕುಂತ್ಕಳಾದು ತಂಪಿಗೆ ಅಂದ್ಕಂಡಿದ್ಯಾ? ಬಣ್ಣ ನೋಡಾಕೆ."

ಫೋಟೊ ತೆಗೆಯುವುದು ಕಲಿಯಲೆಂದು ನಾನು ಕೊಂಡಿದ್ದ ಪುಸ್ತಕದಲ್ಲಿ ಇದೇ ಮಾತು ಎರಡು ಪುಟ ಇತ್ತು. ಅದರ ಕೆಳಗೆ ನಾನೇ ಕೆಂಪು ಗೆರೆ ಎಳೆದಿದ್ದೆ. ಗೆರೆ ಎಳೆದದ್ದೆಲ್ಲ ತಲೆಗೆ ಹೋಗಿದ್ದರೆ ಕಚೇರಿಯಲ್ಲಿ ಎಷ್ಟು ಎತ್ತರಕ್ಕೆ ಏರುತ್ತಿದ್ದೆನೋ! ಈರಕ್ಕ ಕಾಯಲಿಲ್ಲ. ಮಣ್ಣಿನ ಮುದ್ದೆಗೆ ನಾಲ್ಕು ಪೊರಕೆಕಡ್ಡಿ ಚುಚ್ಚಿ, ದೀಪದಿಂದ ಬಟ್ಟೆ ಬಿಚ್ಚಿ ಹುಳುವಿನ ಸುತ್ತ ಕಟ್ಟಿದಳು. ಒಂದು ಕಡೆ ಕ್ಯಾಮೆರಾ ಮೂತಿ ತೂರಿಸಲು ತೂತು ಬಿಟ್ಟಳು. ದೀಪಗಳನ್ನು ದೂರ ತಳ್ಳಿದಳು. ಕಾವು ತಗ್ಗಿದ್ದೇ ಜೀರಂಗಿ ಮೀಸೆ ಮಡಿಸಿ ಸುಮ್ಮನಾಯಿತು.

ಮತ್ತೆ ಅರವತ್ತು ಫೋಟೊ ತೆಗೆದು ಸೇರಿಸಿದೆ. ಚಿತ್ರ ಕೂಡಿ ಬಂದಾಗ ಮೂವರೂ ಪರದೆಯತ್ತ ಬಗ್ಗಿದೆವು. ಅಂಥ ಹಸಿರು ನಾನು ನೋಡಿರಲಿಲ್ಲ. ಅಂಚಿನಲ್ಲಿ ನೇರಳೆ, ಬೆನ್ನ ತುಂಬ ಜರಡಿಯಂಥ ಸಣ್ಣ ಕುಳಿ, ಕಾಲಲ್ಲಿ ಬಂಗಾರದ ರೋಮ. "ಹುಟ್ಟಿದಾಗಿಂದ ನೋಡೀನಿ, ಹಿಂಗೈತೆ ಅಂತ ಗೊತ್ತಿರ್ಲಿಲ್ಲ ಕಣಪ್ಪ" ಎಂದು ಈರಕ್ಕ ಪರದೆಯ ಹತ್ತಿರ ಬೆರಳು ತಂದು, ಮುಟ್ಟದೆ ಹಿಂದಕ್ಕೆ ತೆಗೆದಳು. ಆಮೇಲೆ ಹುಳುವನ್ನು ಸೆರಗಲ್ಲಿ ಮುಚ್ಚಿಕೊಂಡು ಹೋಗಿ ಜಾಲಿಮರಕ್ಕೆ ಬಿಟ್ಟುಬಂದಳು.

ಚಿತ್ರ ಗೋಡೆ ಏರಿತು, ಚಿಟ್ಟೆ ಸೋತಿತು. ಹಾಕಿದ ದಿನ ಮೇಡಂ ಹತ್ತಿರ ಬಂದು ಬೆನ್ನ ನಟ್ಟನಡುವೆ ಇದ್ದ ಕಪ್ಪು ಚುಕ್ಕೆ ತೋರಿಸಿ, "ಇದು ಹುಟ್ಟುಮಚ್ಚೆನಾ ಸಾರ್?" ಎಂದರು. ಬಟ್ಟೆಯ ತೂತೂ ಅದರಲ್ಲಿ ತೂರಿದ ನನ್ನ ಕ್ಯಾಮೆರಾ ಮೂತಿಯೂ ಕನ್ನಡಿ ಬೆನ್ನಿನಲ್ಲಿ ಪ್ರತಿಬಿಂಬವಾಗಿ ಕಪ್ಪಗೆ ಬಿದ್ದಿವೆಯೆಂದು ನನಗೆ ಗೊತ್ತು. ಆದರೂ ಗಂಭೀರವಾಗಿ "ಈ ಜಾತಿಯಲ್ಲಿ ಕೆಲವೊಮ್ಮೆ..." ಎಂದು ಶುರುಮಾಡಿದೆ. ಚಿತ್ರ ನೋಡಲು ಬಂದು ಕೋಲೂರಿ ನಿಂತಿದ್ದ ಈರಕ್ಕ, "ಮಚ್ಚೆ ಅಲ್ಲಮ್ಮ, ಅದು ಈಯಪ್ಪ ಇಣುಕಿದ ತೂತು" ಎಂದುಬಿಟ್ಟಳು.

ಶಾಲೆಯ ಮುಂದೆ ಹೋಗುವಾಗ ಈಗಲೂ ನಿಂತು ನೋಡುತ್ತೇನೆ. ಬಣ್ಣವೆಲ್ಲ ಜೀರಂಗಿಯದು, ಬೆಳಕೆಲ್ಲ ಈರಕ್ಕನದು. ನನ್ನ ಪಾಲಿಗೆ ಬಂದದ್ದು ಆ ಕಪ್ಪು ಚುಕ್ಕೆ. ಅದಾದರೂ ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ಹೆಮ್ಮೆಪಟ್ಟು ಮನೆಗೆ ಬರುತ್ತೇನೆ.